ಮಗಳಿಗೊಂದು ಪತ್ರ: ಸೈನ್ ಹಾಕೋ ಮುಂಚೆ ಇದನ್ನೊಂದ್ಸಲ ಓದು

ಪುಟ್ಟಿ,

ಫೋನಲ್ಲಿ ಹೇಳೋಕೆ ಹೋದ್ರೆ "ಆಯ್ತಪ್ಪಾ, ಮೀಟಿಂಗಿದೆ" ಅಂತ ಇಟ್ಬಿಡ್ತೀಯ, ಅದಕ್ಕೆ ಕೂತು ಟೈಪ್ ಮಾಡ್ತಿದೀನಿ. ಉದ್ದ ಆದ್ರೆ ಬೈಕೋಬೇಡ, ಮೇಷ್ಟ್ರಾಗಿದ್ದೋರಿಗೆ ಚಿಕ್ಕದಾಗಿ ಹೇಳೋಕೆ ಬರಲ್ಲ ಅಂತ ನಿಮ್ಮಮ್ಮ ದಿನಾ ಹೇಳ್ತಾನೇ ಇರ್ತಾಳೆ.

ಹಬ್ಬಕ್ಕೆ ಬಂದಾಗ ಒಂದೇ ದಿನ ಎರಡು ಮಾತಾಡ್ದೆ ನೀನು. ಬೆಳಿಗ್ಗೆ ಅಜ್ಜಿ ಯಾವ್ದೋ ಗಾದೆ ಎತ್ತಿದ್ದಕ್ಕೆ "ನನ್ನ ಲೈಫಿಗೆ ನಂದೇ ಫಿಲಾಸಫಿ ಇದೆ, ನಿಮ್ಮ ಕಾಲದ್ದು ನನ್ಮೇಲೆ ಹೇರ್ಬೇಡಿ" ಅಂದೆ. ಸಾಯಂಕಾಲ ಜಮೀನು ಭಾಗದ ಮಾತು ಬಂದಾಗ "ನಂಗೇನೂ ಬೇಡಪ್ಪ, ಎಲ್ಲಾ ಅಣ್ಣನ ಹೆಸರಿಗೆ ಮಾಡಿ, ಎಲ್ಲಿ ಸೈನ್ ಹಾಕ್ಬೇಕು ಹೇಳಿ" ಅಂದೆ. ಮೊದಲನೇ ಮಾತಿಗೆ ನಂಗೇನೂ ಬೇಜಾರಿಲ್ಲ, ನಿನ್ನ ವಯಸ್ಸಲ್ಲಿ ಅದನ್ನ ಹೇಳ್ದೆ ಇದ್ರೇನೇ ಭಯ. ಎರಡನೇದು ಮಾತ್ರ ತಲೇಲಿ ಕೊರೀತಿದೆ, ಯಾಕಂದ್ರೆ ಅದು ನಿನ್ನ ಫಿಲಾಸಫಿ ಥರ ಕೇಳಿಸ್ಲಿಲ್ಲ, ಅಜ್ಜಿ ಬಾಯಿಂದ ಬಂದಂಗಿತ್ತು.

ಗಾದೆ ಬಗ್ಗೆ ನನ್ನ ಲೆಕ್ಕ ಹೇಳ್ತೀನಿ. ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲಾ ಜೋಳ ಅಂತಾರೆ ಕೇಳಿದೀಯಲ್ಲ. ರೋಹಿಣಿ ಅಂದ್ರೆ ಮೇ 25ರ ಹೊತ್ತಿಂದ ಜೂನ್ ಮೊದಲ ವಾರದ ತನಕ. ಜೋಳ ಬೆಳೆಯೋ ಸೀಮೆಯವರು ಹೊಲದಲ್ಲಿ ನಿಂತು ನೋಡಿ ನೋಡಿ ಕಟ್ಟಿದ ಮಾತದು, ಸುಳ್ಳಲ್ಲ. ಆದ್ರೆ ನಮ್ಮ ತುಮಕೂರು ಕಡೆ ಕೆಂಪು ಮಣ್ಣಿನ ಖುಷ್ಕಿ ಹೊಲದಲ್ಲಿ ಬಿತ್ತೋದು ರಾಗಿ, ಅದೂ ಹೆಚ್ಚಾಗಿ ಜುಲೈಗೆ. ಆದ್ರೂ ನಮ್ಮೂರಲ್ಲೂ ಅದನ್ನೇ ಹೇಳ್ತಾರೆ, ಪ್ರಾಸ ಚೆನ್ನಾಗಿದೆ ಅಂತ! ಗಾದೆಗೆ ಅಡ್ರೆಸ್ ಇರುತ್ತೆ ಪುಟ್ಟಿ, ಬಾಯಿಂದ ಬಾಯಿಗೆ ಬರ್ತಾ ಬರ್ತಾ ಮಾತು ಉಳಿದು ಅಡ್ರೆಸ್ ಬಿದ್ದೋಗುತ್ತೆ, ಯಾರು ಯಾವ ಮಣ್ಣಲ್ಲಿ ನಿಂತು ಹೇಳಿದ್ರು ಅನ್ನೋದೇ ಯಾರಿಗೂ ನೆನಪಿರಲ್ಲ.

ಇನ್ನೊಂದು ವಿಷ್ಯ ಇದೆ, ನಂಗೆ ಬಹಳ ಇಷ್ಟವಾದ್ದು. ಭೂಮಿ ತಿರುಗೋ ಅಕ್ಷ ಬುಗುರಿ ಥರ ನಿಧಾನಕ್ಕೆ ವಾಲ್ತಾ ಇರೋದ್ರಿಂದ ನಮ್ಮ ಪಂಚಾಂಗದ ಮಳೆ ನಕ್ಷತ್ರಗಳು ಋತುವಿನ ಲೆಕ್ಕದಲ್ಲಿ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದಕ್ಕೆ ಸರೀತವೆ. ಒಂದು ನಕ್ಷತ್ರ ಅಂದ್ರೆ ಹದಿಮೂರು ಹದಿನಾಲ್ಕು ದಿನ. ಅಂದ್ರೆ ಒಂಬೈನೂರ ಐವತ್ತು ವರ್ಷದ ಆಸುಪಾಸಿಗೆ ಒಂದು ಮಳೆಯೇ ಪೂರ್ತಿ ಆಚೆಗೆ ಹೋಗಿರುತ್ತೆ, ಯಾರಾದ್ರೂ ಅಷ್ಟು ಹಿಂದೆ, ರೋಹಿಣಿ ಆದ್ಮೇಲೆ ಬರೋ ಮೃಗಶಿರಾ ಮಳೆ ಬಗ್ಗೆ ಒಂದು ಮಾತು ಹೇಳಿದ್ರೆ ಆ ಹವಾಮಾನ ಈಗ ನಮಗೆ ರೋಹಿಣಿಗೇ ಬಂದಿರುತ್ತೆ. ಹೇಳಿದೋರು ಸರಿಯಾಗೇ ಹೇಳಿದ್ರು, ಕೇಳಿದೋರೂ ತಪ್ಪದೆ ಒಪ್ಪಿಸಿದ್ರು, ಆದ್ರೂ ಲೆಕ್ಕ ತಪ್ಪುತ್ತೆ. ಅದಕ್ಕೇ ಹಿರಿಯರು ಹೇಳಿದ್ದನ್ನ ಅಳಿಸ್ಬೇಕಾಗಿಲ್ಲ, ಆಗಾಗ ಹೊಲಕ್ಕೆ ಹೋಗಿ ಮಣ್ಣು ಮುಟ್ಟಿ ನೋಡ್ತಿರ್ಬೇಕು ಅಷ್ಟೇ.

ಗಾದೆ ಒಂದಕ್ಕೊಂದು ಉಲ್ಟಾ ಹೊಡೆಯುತ್ತೆ ಅಂತ ಆವತ್ತು ನಕ್ಕೆ ನೋಡು, ತಾಳಿದೋನು ಬಾಳ್ತಾನೆ ಅಂತಲೂ ಅಂತೀರ, ಗಾಳಿ ಬಂದಾಗ ತೂರ್ಕೋ ಅಂತಲೂ ಅಂತೀರ ಅಂತ. ಕಣದಲ್ಲಿ ರಾಗಿ ತೂರೋದು ನೋಡಿದ್ರೆ ನಗ್ತಿರ್ಲಿಲ್ಲ. ಗಾಳಿ ಬರೋ ತನಕ ಮೊರ ಹಿಡ್ಕೊಂಡು ಸುಮ್ನೆ ನಿಂತ್ಕೋಬೇಕು, ಬಂದ ತಕ್ಷಣ ಎತ್ಬೇಕು. ಎರಡೂ ಒಬ್ಬನೇ ರೈತ ಒಂದೇ ದಿನ ಹೇಳೋ ಮಾತು. ಯಾವ ಹೊತ್ತಿಗೆ ಯಾವುದು ಅನ್ನೋದನ್ನ ಮಾತ್ರ ಯಾವ ಅಜ್ಜಿಯೂ ಹೇಳ್ಕೊಡೋಕಾಗಲ್ಲ, ಅಲ್ಲಿಂದ ನಿನ್ನ ಫಿಲಾಸಫಿ ಶುರು.

ಅಂದಹಾಗೆ ನಿನ್ನ ವಾಟ್ಸಾಪ್ ಸ್ಟೇಟಸಲ್ಲಿ ವಾರಕ್ಕೊಂದ್ಸಲ ಬರೋ ಆ ರೋಮಿನ ರಾಜ, ಮಾರ್ಕಸ್ ಆರೆಲಿಯಸ್, ಅವನು ತನಗೋಸ್ಕರ ಬರ್ಕೊಂಡ ಟಿಪ್ಪಣಿಗಳ ಮೊದಲನೇ ಭಾಗ ಓದಿದೀಯಾ? ಶುರುವಾಗೋದೇ ತಾತನಿಂದ ಏನು ಕಲಿತೆ ಅಂತ, ಆಮೇಲೆ ಅಪ್ಪ, ಅಮ್ಮ, ಮುತ್ತಜ್ಜ, ಮೇಷ್ಟ್ರುಗಳು, ಒಬ್ಬೊಬ್ಬರಿಂದ ಏನು ಬಂತು ಅಂತ ಸಾಲಾಗಿ ಬರೀತಾನೆ. ಸ್ವಂತ ವಿಚಾರ ಎಲ್ಲಾ ಆಮೇಲೆ. ಅವನ ತಾತನ ಮಾತು ಸ್ಟೇಟಸ್ ಆಗ್ಬಹುದು, ನಿನ್ನಜ್ಜಿ ಮಾತು ಹೇರಿಕೆ, ಅಲ್ವಾ? ಇರ್ಲಿ ಬಿಡು, ತಮಾಷೆಗಂದೆ.

ಈಗ ಜಮೀನಿಗೆ ಬರ್ತೀನಿ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಅನ್ನೋದನ್ನ ನೀನು ಚಿಕ್ಕೋಳಿದ್ದಾಗಿಂದ ಕೇಳ್ತಿದೀಯ, ಯಾರೂ ನಿನಗೆ ಪಾಠ ಮಾಡ್ಲಿಲ್ಲ, ಮದುವೆ ಮನೆಗಳಲ್ಲಿ ಕಿವಿಗೆ ಬಿದ್ದಿರುತ್ತೆ ಅಷ್ಟೇ. ಅದಕ್ಕೂ ಒಂದು ಅಡ್ರೆಸ್ ಇದೆ. ಎರಡು ಮೂರು ಎಕರೆ ಜಮೀನು, ತುಂಡು ಮಾಡಿದ್ರೆ ಯಾರಿಗೂ ಹೊಟ್ಟೆ ತುಂಬಲ್ಲ, ಮಗಳು ಕೊಟ್ಟ ಊರಿಂದ ಬಂದು ಉಳೋಕಾಗಲ್ಲ, ಇದು ಒಂದು ಕಾರಣ, ಒಪ್ತೀನಿ. ಇನ್ನೊಂದು ಕಾರಣ ಹೇಳೋರಿಗೇ ಲಾಭ ಇತ್ತು ಅನ್ನೋದು. ಆ ಗಾದೆ ಕಟ್ಟಿದ್ದು ಹೆಣ್ಣುಮಕ್ಕಳಂತೂ ಅಲ್ಲ ಅಂತ ನನ್ನ ಅನುಮಾನ.

ನಮ್ಮ ಮನೇಲೇ ನೋಡು. 1994 ಜುಲೈ 30ರಿಂದ ಕರ್ನಾಟಕದಲ್ಲಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಅಂತ ಕಾನೂನು ಬಂತು, ಕೇಂದ್ರದ್ದಕ್ಕಿಂತ 11 ವರ್ಷ ಮುಂಚೆ. ಆದ್ರೆ ಅದಕ್ಕೂ ಮೊದಲೇ ಮದುವೆ ಆಗಿದ್ದೋರಿಗೆ ಇಲ್ಲ. ನಿನ್ನ ದೊಡ್ಡತ್ತೆ ಮದುವೆ ಮುಂಚೇನೇ ಆಗಿತ್ತು, ಅವಳು ಹೊರಗೆ. ಚಿಕ್ಕತ್ತೆದು ಆಮೇಲಾಯ್ತು, ಅವಳಿಗೆ ಹಕ್ಕಿತ್ತು. ಕೊನೆಗೆ ಇಬ್ಬರಿಗೂ ಸಿಕ್ಕಿದ್ದು ಮಾತ್ರ ಒಂದೇ, ಗೌರಿ ಹಬ್ಬಕ್ಕೆ ಬಾಗಿನ, ಸೀರೆ. ಕಾನೂನು ಬದಲಾದ್ರೂ ಗಾದೆ ಬದಲಾಗ್ಲಿಲ್ಲ. 2005 ಸೆಪ್ಟೆಂಬರ್ 9ರಿಂದ ಕೇಂದ್ರದ ಕಾನೂನಲ್ಲೂ ಮದುವೆ ಆಗಿರ್ಲಿ ಬಿಡ್ಲಿ ಮಗಳಿಗೆ ಹುಟ್ಟಿಂದಲೇ ಹಕ್ಕು ಅಂತಾಯ್ತು, 2020 ಆಗಸ್ಟಲ್ಲಿ ಸುಪ್ರೀಂ ಕೋರ್ಟು ಆ ದಿನಕ್ಕೆ ಅಪ್ಪ ಬದುಕಿರ್ಲೇಬೇಕು ಅಂತೇನಿಲ್ಲ ಅಂತಲೂ ಹೇಳ್ತು.

ನೀನು ಭಾಗ ತಗೋಲೇಬೇಕು ಅಂತ ನಾನು ಹೇಳ್ತಿಲ್ಲ. ನಿಂಗೆ ಕೆಲಸ ಇದೆ, ಅಣ್ಣ ಇಲ್ಲೇ ಇದ್ದು ಬೋರು, ಸಾಲ, ಕೂಲಿಯವರು ಅಂತ ಒದ್ದಾಡ್ತಿದಾನೆ, ಅವನಿಗೇ ಇರ್ಲಿ ಅಂತ ನಿನಗೆ ನಿಜವಾಗ್ಲೂ ಅನ್ನಿಸಿದ್ರೆ ಅದೂ ಒಳ್ಳೇ ಕಾರಣವೇ, ನಾನು ತುಟಿ ಬಿಚ್ಚಲ್ಲ. ಆದ್ರೆ "ಹೆಣ್ಣುಮಕ್ಕಳು ಕೇಳಿದ್ರೆ ತವರು ಸಂಬಂಧ ಕೆಡುತ್ತೆ" ಅಂತಿದ್ರೆ ಸ್ವಲ್ಪ ನಿಲ್ಲು. ಹಕ್ಕು ಬಿಡುಗಡೆ ಪತ್ರ ಒಂದ್ಸಲ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಆದ್ರೆ ಹಿಂದಕ್ಕೆ ತರೋದು ಸುಲಭ ಅಲ್ಲ.

ಇದನ್ನ ಕಳಿಸೋಕೆ ಮುಂಚೆ ಅಜ್ಜಿಗೆ ಓದಿ ಹೇಳ್ದೆ, ಬೈತಾಳೇನೋ ಅಂದ್ಕೊಂಡಿದ್ದೆ. "ನಂಗೆ ಆವಾಗ ಬೇಕಾ ಬೇಡ್ವಾ ಅಂತ ಯಾರು ಕೇಳಿದ್ರು, ಅವಳನ್ನಾದ್ರೂ ಕೇಳು" ಅಂತು. ಅಣ್ಣನೂ ಓದಿದ, ಅವಳು ಏನು ಹೇಳ್ತಾಳೋ ಹಂಗೇ ಅಂದ, ಆಮೇಲೆ ಬೋರಿನ ಸಾಲದ ಅರ್ಧ ಅವಳೂ ಕಟ್ಲಿ ಅಂತ ನಕ್ಕ, ಅದನ್ನೂ ಲೆಕ್ಕಕ್ಕೆ ತಗೋ.

ಪಹಣಿ ಫೋಟೋ ವಾಟ್ಸಾಪಲ್ಲಿ ಹಾಕಿದೀನಿ, ಮಾಲೀಕರ ಹೆಸರಿರೋ 9ನೇ ಕಾಲಂ ಜೊತೆಗೆ ಸಾಲದ್ದಿರೋ 11ನೇದೂ ನೋಡ್ಕೋ. ಬಿಡುಗಡೆ ಪತ್ರ ಬರೆಯೋರಿಗೆ ಈಗ್ಲೇ ಬೇಡ, ಮಗಳಿಂದ ಫೋನ್ ಬರ್ಲಿ ಅಂದಿದೀನಿ. ಮೀಟಿಂಗ್ ಇಲ್ದಿದ್ದಾಗ ಮಾಡು.

ನಿನ್ನಪ್ಪ