ಲಂಡನ್ ಪ್ರಯಾಣದ ಕುರಿತು ಮಗಳಿಗೊಂದು ಪತ್ರ

ನವನಗರ, ಬಾಗಲಕೋಟೆ
18 ಡಿಸೆಂಬರ್ 2021

ಚಿ. ಸೌ. ವಿದ್ಯಾಳಿಗೆ ಅವ್ವ ಮಾಡುವ ಆಶೀರ್ವಾದಗಳು.

ಸಂಕ್ರಾಂತಿಯ ಹೊತ್ತಿಗೆ ನಮ್ಮಿಬ್ಬರನ್ನೂ ಚಿನ್ನುವನ್ನೂ ಕರೆದುಕೊಂಡು ಲಂಡನ್ನಿನಲ್ಲಿರುವ ಅಣ್ಣನ ಮನೆಗೆ ಹೋಗುವ ವಿಚಾರ ತಿಳಿಸಿದ್ದೀಯ. ಲಾಕ್‌ಡೌನ್ ಕಾಲದಲ್ಲಿ ಹುಟ್ಟಿದ ಅಣ್ಣನ ಮಗಳನ್ನು ಇದುವರೆಗೂ ಫೋನಿನಲ್ಲಷ್ಟೇ ಕಂಡಿದ್ದೇನೆ. ಅವಳನ್ನು ಎತ್ತಿಕೊಳ್ಳುವ ಆಸೆ ನಿನಗಿಂತ ನನಗೇ ಹೆಚ್ಚು. ಆದರೂ ಈ ಜನವರಿಯಲ್ಲಿ ನಾಲ್ವರೂ ಕೂಡಿ ಹೊರಡುವುದು ಬೇಡ.

ವಿಮಾನದೊಳಗೆ ಕೋವಿಡ್ ತಗಲೀತೆಂದು ನಿಮ್ಮ ಅಪ್ಪ ಅಂಜುತ್ತಿದ್ದಾರೆ. ನನಗೆ ಅದರ ಚಿಂತೆ ಅಷ್ಟಿಲ್ಲ, ಏಕೆಂದರೆ ವಿಮಾನದೊಳಗಿನ ಗಾಳಿಯನ್ನು ಸೋಸುವ ಹೆಪಾ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿಯೂ ಶೇಕಡಾ 99.97ರಷ್ಟನ್ನು ಹಿಡಿದಿಡುತ್ತದೆ. ಪಾಸ್‌ಪೋರ್ಟ್ ತಪಾಸಣೆಯ ಸಾಲುಗಳಲ್ಲಿ ಒತ್ತಿ ನಿಂತಾಗ, ಊಟಕ್ಕೆಂದು ಅಕ್ಕಪಕ್ಕದವರು ಮಾಸ್ಕ್ ತೆಗೆದಾಗ ಸೋಂಕು ತಗಲುವ ಸಂಭವವೇ ಹೆಚ್ಚು.

ನನ್ನನ್ನು ತಡೆಯುತ್ತಿರುವುದು ಕೋವಿಡ್ ವೈರಸ್ಸಿನ ಹೊಸ ರೂಪವಾದ ಒಮಿಕ್ರಾನ್. ನವೆಂಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಳವಳಕಾರಿ ರೂಪಾಂತರಿ ಎಂದು ಘೋಷಿಸಿತು. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಪ್ರಕರಣಗಳು ನಮ್ಮ ರಾಜ್ಯದಲ್ಲಿಯೇ ಪತ್ತೆಯಾದವು. ಮೊನ್ನೆ 15ರಂದು ಬ್ರಿಟನ್ನಿನಲ್ಲಿ ಒಂದೇ ದಿನಕ್ಕೆ 78,610 ಸೋಂಕುಗಳು ವರದಿಯಾದವು. ಇದು ಸೌಮ್ಯವೆಂದು ದಕ್ಷಿಣ ಆಫ್ರಿಕಾದಿಂದ ಸುದ್ದಿ ಬರುತ್ತಿರುವುದು ನಿಜ. ಆದರೆ ಆ ದೇಶದ ಜನರಲ್ಲಿ ಎಳೆಯ ವಯಸ್ಸಿನವರೇ ಹೆಚ್ಚು. ಅರವತ್ತೈದು ದಾಟಿ, ಸಕ್ಕರೆ ಕಾಯಿಲೆಗೆ ದಿನವೂ ಗುಳಿಗೆ ನುಂಗುವ ನಿಮ್ಮ ಅಪ್ಪನಿಗೂ ಅದು ಸೌಮ್ಯವಾಗಿಯೇ ಇದ್ದೀತೆಂದು ನಾನು ಹೇಗೆ ನಂಬಲಿ? ಅವರು ಕೋವಿಶೀಲ್ಡ್‌ನ ಎರಡನೆಯ ಡೋಸ್ ಹಾಕಿಸಿಕೊಂಡದ್ದು ಮೇ ತಿಂಗಳಲ್ಲಿ. ತಿಂಗಳು ಕಳೆದಂತೆ ಲಸಿಕೆಯ ರಕ್ಷಣೆ ಇಳಿಯುತ್ತದೆ, ಮೂರನೆಯ ಡೋಸ್ ನಮ್ಮಲ್ಲಿ ಇನ್ನೂ ಆರಂಭವಾಗಿಲ್ಲ. ಆರು ವರ್ಷದ ಚಿನ್ನುವಿಗಂತೂ ಲಸಿಕೆಯೇ ಇಲ್ಲ.

ಅಲ್ಲಿ ಇಳಿದ ಮೇಲೆ ಎರಡನೆಯ ದಿನದೊಳಗೆ ಪಿಸಿಆರ್ ಪರೀಕ್ಷೆಯಾಗಬೇಕು, ಫಲಿತಾಂಶ ಬರುವವರೆಗೆ ಹೊರಗೆ ಕಾಲಿಡುವಂತಿಲ್ಲ. ಒಬ್ಬರಿಗೆ ಪಾಸಿಟಿವ್ ಬಂದರೂ ಹಸುಗೂಸಿರುವ ಆ ಸಣ್ಣ ಫ್ಲ್ಯಾಟಿನಲ್ಲಿ ಬೇರೆ ಕೋಣೆ ಎಲ್ಲಿಂದ ತರುವುದು? ಮಗುವನ್ನು ನೋಡಲೆಂದು ಹೋದವರು ಮಗುವಿಗೇ ರೋಗ ಕೊಟ್ಟಂತಾಗುತ್ತದೆ. ಕಳೆದ ಏಪ್ರಿಲ್, ಮೇ ತಿಂಗಳಲ್ಲಿ ಆಮ್ಲಜನಕದ ಹಾಸಿಗೆಗಾಗಿ ನಮ್ಮ ಜಿಲ್ಲೆಯ ಜನ ಅಲೆದಾಡಿದ್ದನ್ನು ನೀನೂ ಬಲ್ಲೆ. ಆಗ ಫೋನ್ ಮಾಡಿದರೆ ಓಡಿ ಬರುವ ಬಂಧುಗಳಿದ್ದರು, ಅಪ್ಪನ ಕಾಯಿಲೆಯ ಪೂರ್ವಾಪರ ಬಲ್ಲ ಡಾಕ್ಟರರಿದ್ದರು. ಪರಸ್ಥಳದಲ್ಲಿ ಆ ಭಾರವೆಲ್ಲ ನಿನ್ನ ಅಣ್ಣನೊಬ್ಬನ ಮೇಲೆ ಬೀಳುತ್ತದೆ. ಮರಳುವಾಗಲೂ ತೊಡಕು ತಪ್ಪುವುದಿಲ್ಲ: ಬ್ರಿಟನ್ ಅಪಾಯದ ದೇಶಗಳ ಪಟ್ಟಿಯಲ್ಲಿರುವುದರಿಂದ ವಿಮಾನ ನಿಲ್ದಾಣದಲ್ಲಿಯೇ ಪರೀಕ್ಷೆ, ನೆಗೆಟಿವ್ ಬಂದರೂ ಏಳು ದಿನ ಮನೆಯಲ್ಲಿ ಪ್ರತ್ಯೇಕವಾಸ, ಎಂಟನೆಯ ದಿನ ಮತ್ತೊಂದು ಪರೀಕ್ಷೆ.

ನೀನೂ ಅಳಿಯಂದಿರೂ ಇಬ್ಬರೇ ಹೋಗುವುದಾದರೆ ನಾನು ತಡೆಯುವುದಿಲ್ಲ. ನೀವು ಗಟ್ಟಿಮುಟ್ಟಾಗಿದ್ದೀರಿ, ಎರಡೂ ಡೋಸ್ ಆಗಿವೆ. ಚಿನ್ನು ನಮ್ಮಲ್ಲಿರಲಿ, ಆದರೆ ಮರಳಿದ ಮೇಲೆ ಎಂಟನೆಯ ದಿನದ ಫಲಿತಾಂಶ ಬರುವವರೆಗೆ ಬೆಂಗಳೂರಿನಲ್ಲಿಯೇ ಇದ್ದು, ಆಮೇಲೆ ಅವನನ್ನು ಕರೆದೊಯ್ಯಲು ಬನ್ನಿ. ಪ್ರಯಾಣ ವಿಮೆಯಲ್ಲಿ ಕೋವಿಡ್ ಚಿಕಿತ್ಸೆಯೂ ಪ್ರತ್ಯೇಕವಾಸದ ಖರ್ಚೂ ಸೇರಿವೆಯೇ ಎಂದು ಮೊದಲೇ ಓದಿ ನೋಡು. ಅಪ್ಪನಿಗೆ ಮೂರನೆಯ ಡೋಸ್ ಸಿಕ್ಕ ಮೇಲೆ ನಮ್ಮ ಪ್ರಯಾಣದ ಮಾತನ್ನು ಮತ್ತೆ ಎತ್ತೋಣ. ಅಣ್ಣನಿಗೆ ಈ ಭಾನುವಾರ ನಾನೇ ಫೋನ್ ಮಾಡಿ ಹೇಳುತ್ತೇನೆ; ಅಲ್ಲಿಯವರೆಗೆ ನಮ್ಮ ಹೆಸರಿನಲ್ಲಿ ಟಿಕೆಟ್ ತೆಗೆಸಬೇಡ.

ಇಂತಿ ನಿನ್ನ ಅವ್ವ