ಮಕ್ಕಳ ಕಣ್ಣಿನ ಹನಿ: ಸೊನ್ನೆ ಎಣಿಸಿ ಕೊಳ್ಳಿ

ಮಾನ್ಯ ಸಂಪಾದಕರೇ,

ದೂರದ್ದು ಮಸುಕಾಗಿ ಕಾಣುವ ಮಕ್ಕಳ ಕನ್ನಡಕದ ಮೈನಸ್ ನಂಬರ್ ವೇಗವಾಗಿ ಏರದಿರಲಿ ಎಂದು ಕಣ್ಣಿನ ವೈದ್ಯರು ಅಟ್ರೋಪಿನ್ ಹನಿ ಬರೆದುಕೊಡುತ್ತಾರೆ. ಚೀಟಿ ಹಿಡಿದು ಮೆಡಿಕಲ್‌ಗೆ ಹೋದ ಪಾಲಕರು ಬಾಟಲಿಯ ಮೇಲಿನ ಸೊನ್ನೆಗಳನ್ನು ಎಣಿಸಿಯೇ ದುಡ್ಡು ಕೊಡಬೇಕು. ಇದಕ್ಕೆ ಬೇಕಾದ್ದು ಶೇ 0.01ರಿಂದ 0.05ರ ಹನಿ. ಅದೇ ಹೆಸರಿನ ಶೇ 1ರ ಹನಿಯೂ ಇದೆ. ಅದರ ಕೆಲಸವೇ ಬೇರೆ. 0.01ಕ್ಕಿಂತ ಅದು ನೂರು ಪಟ್ಟು ತೀಕ್ಷ್ಣ. 'ಔಷಧ ಅದೇ, ಕಂಪನಿ ಬೇರೆ' ಎಂದು ಕೊಟ್ಟದ್ದನ್ನು ಹಾಕಿದರೆ ಮಗುವಿನ ಪಾಪೆ ವಾರ, ಹತ್ತು ದಿನ ಹಿಗ್ಗಿಯೇ ಇರುತ್ತದೆ. ಪುಸ್ತಕದ ಅಕ್ಷರ ಕಲಸಿಹೋಗುತ್ತವೆ, ಬಿಸಿಲಿಗೆ ಕಣ್ಣು ಬಿಡಲಾಗದು. ಮನೆಯಲ್ಲಿ ನೀರು ಬೆರೆಸಿ ತೆಳು ಮಾಡುವುದಂತೂ ಬೇಡವೇ ಬೇಡ: ಅಳತೆ ತಪ್ಪುತ್ತದೆ, ಸೋಂಕು ತಗಲುತ್ತದೆ.

ಮಲಗುವ ಹೊತ್ತಿಗೆ ಕಣ್ಣಿಗೆ ಒಂದೇ ಹನಿ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಬಾಟಲಿಯ ತುದಿ ಎಲ್ಲೂ ತಾಗದಂತೆ ಬಿಡಬೇಕು. ಬಳಿಕ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಇಲ್ಲವಾದರೆ ಹನಿ ಕಣ್ಣೀರಿನ ನಾಳದಿಂದ ಮೂಗಿಗಿಳಿದು ರಕ್ತ ಸೇರುತ್ತದೆ. ಅಟ್ರೋಪಿನ್ ಬೆವರು ತಡೆಯುವ ಔಷಧ. ನಮ್ಮ ಕಲಬುರಗಿಯ ಬಿಸಿಲಿಗೆ ಇದನ್ನು ನೆನಪಿಡಲೇಬೇಕು. ಕಡಿಮೆ ಪ್ರಮಾಣದಲ್ಲಿ ತೊಂದರೆ ಅಪರೂಪ. ಆದರೂ ಬಾಯಿ ಒಣಗಿ, ಮುಖ ಕೆಂಪೇರಿ, ಮೈ ಕಾದು, ಎದೆ ಹೊಡೆದುಕೊಂಡರೆ ಹನಿ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸಣ್ಣ ಕೂಸಿನ ಕೈಗೆ ಬಾಟಲಿ ಸಿಗಕೂಡದು.

ಲೇಬಲ್ ಮೇಲೆ 25 ಡಿಗ್ರಿಯೊಳಗೆ ಇಡಿ ಎಂದಿದ್ದರೆ, ಏಪ್ರಿಲ್ ತಿಂಗಳಲ್ಲಿ ಪತ್ರಾಸಿನ (ತಗಡಿನ ಚಾವಣಿಯ) ಮನೆಯ ಗೂಡು ಅದಕ್ಕೆ ಜಾಗವಲ್ಲ. ಮುಚ್ಚಳ ತೆರೆದ ತಾರೀಖನ್ನು ಬಾಟಲಿಯ ಮೇಲೆಯೇ ಬರೆದಿಟ್ಟು, ಸಾಮಾನ್ಯವಾಗಿ ತಿಂಗಳಾದ ಮೇಲೆ ಉಳಿದದ್ದನ್ನು ಚೆಲ್ಲಬೇಕು.

ಇನ್ನು ಫಲದ ಮಾತು. ಕಣ್ಣುಗುಡ್ಡೆ ಉದ್ದಕ್ಕೆ ಬೆಳೆದಂತೆ ಮೈನಸ್ ಏರುತ್ತದೆ; 1 ಮಿ.ಮೀ.ಗೆ ಸುಮಾರು ಎರಡೂವರೆ ನಂಬರ್. ಬೆಳೆದದ್ದು ಕುಗ್ಗುವುದಿಲ್ಲ. ಹನಿಯಿಂದ ಮುಂದಿನ ಓಟವಷ್ಟೇ ನಿಧಾನವಾಗುತ್ತದೆ, ಹಾಗಾಗಿ ಪೂರ್ತಿ ನಂಬರಿನ ಕನ್ನಡಕ ಬೇಕೇ ಬೇಕು. ಹಾಂಗ್‌ಕಾಂಗ್‌ ಮಕ್ಕಳ ಮೇಲಿನ ಅಧ್ಯಯನದಲ್ಲಿ 0.05ರ ಹನಿ ಹೆಚ್ಚು ಕೆಲಸ ಮಾಡಿತು. 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 0.01ರಿಂದ ಲಾಭ ಕಾಣಲಿಲ್ಲ. ಆದ್ದರಿಂದ ಹಾಕುತ್ತಿದ್ದೇವಲ್ಲ ಎಂದು ಸುಮ್ಮನಿರದೆ, ಆರು ತಿಂಗಳಿಗೊಮ್ಮೆ ಪಾಪೆ ಹಿಗ್ಗಿಸಿ ನಂಬರ್ ತೆಗೆಸಬೇಕು. ಅನುಕೂಲವಿದ್ದರೆ ಕಣ್ಣಿನ ಉದ್ದವನ್ನೂ ಅಳೆಸಬೇಕು. ಹಿಗ್ಗಿಸದೆ ನೋಡಿದರೆ ಮಕ್ಕಳಲ್ಲಿ ಮೈನಸ್ ಇದ್ದದ್ದಕ್ಕಿಂತ ಹೆಚ್ಚು ತೋರುತ್ತದೆ. ವರ್ಷಕ್ಕೆ ಅರ್ಧ ನಂಬರಿಗಿಂತ ಹೆಚ್ಚು ಏರುತ್ತಿದ್ದರೆ ಪ್ರಮಾಣ ಬದಲಿಸುವುದನ್ನು ವೈದ್ಯರು ತೀರ್ಮಾನಿಸುತ್ತಾರೆ. ಕನಿಷ್ಠ ಎರಡು ವರ್ಷದ ಚಿಕಿತ್ಸೆಯಿದು. ನಡುವೆ ತಾವಾಗಿಯೇ ನಿಲ್ಲಿಸಿದರೆ ತಡೆದಿಟ್ಟ ನಂಬರ್ ನುಗ್ಗಿ ಬರಬಹುದು, ಅದರಲ್ಲೂ ಸಣ್ಣ ವಯಸ್ಸಿನವರಲ್ಲಿ.

ಶಾಲೆಗಳವರಿಗೂ ಒಂದು ವಿನಂತಿ. ಮೈನಸ್ ಬಾರದಂತೆ ಕಾಯುವುದರಲ್ಲಿ ದಿನಕ್ಕೆ ಎರಡು ತಾಸಿನ ಹೊರಗಿನ ಬೆಳಕಿನ ಪಾತ್ರ ದೊಡ್ಡದು. ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆಗೆ ಬದಲಿಸುವ ಊರು ನಮ್ಮದು. ಆಟದ ಪಿರಿಯಡ್ಡನ್ನೂ ದಿನದ ಮೊದಲಿಗೆ ತರಬಹುದು. ಸುಡುಬಿಸಿಲಿನಲ್ಲಿ ನಿಲ್ಲಿಸಬೇಕಿಲ್ಲ, ಬೇವಿನ ಮರದ ನೆರಳಲ್ಲೂ ತರಗತಿಯೊಳಗಿಗಿಂತ ಎಷ್ಟೋ ಪಟ್ಟು ಬೆಳಕಿರುತ್ತದೆ.

– ನೇತ್ರ ತಪಾಸಕರು, ಕಲಬುರಗಿ