ಗೆಳೆಯನಿಗೊಂದು ಪತ್ರ: ಕಿಂಡಿಯ ಒಳಗಿನಿಂದ

ಲೋ ಗುಂಡ,

ಫೋನ್ ಮಾಡಿದ್ದರೆ ಆಗುತ್ತಿತ್ತಲ್ಲೋ ಅಂತೀಯ. ನಾಲ್ಕು ಜನ ಓದುವ ಕಡೆ ಬರೆದರೆ ನೀನು ಸ್ವಲ್ಪ ಮರ್ಯಾದೆಯಿಂದ ಬೈಯುತ್ತೀಯ ಅನ್ನೋ ಲೆಕ್ಕಾಚಾರ ನನ್ನದು.

ಆಫೀಸ್ ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬಂದವನು ಭಾನುವಾರ ರೈಲು ಹತ್ತಿ ವೇಲ್ಸಿನ ಕಾನ್ವಿ ಕೋಟೆಗೆ ಹೋಗಿದ್ದೆ. ವೇಲ್ಸ್ ಜನರನ್ನು ಹದ್ದುಬಸ್ತಿನಲ್ಲಿಡಲು ಒಂದನೇ ಎಡ್ವರ್ಡ್ ದೊರೆ 1283ರಲ್ಲಿ ಕಟ್ಟಿಸತೊಡಗಿದ ಕೋಟೆ. ಎಂಟು ದಢೂತಿ ಬುರುಜು, ಮೇಲೆ ಜಿಟಿಜಿಟಿ ಮಳೆ. ಗೋಡೆಯಲ್ಲಿ ಅಲ್ಲಲ್ಲಿ ಉದ್ದನೆಯ ಸೀಳು, ಬಿಲ್ಲುಗಾರರು ಬಾಣ ಬಿಡುತ್ತಿದ್ದ ಕಿಂಡಿ. ಅದರ ಹಳೆಯ ಹೆಸರು ಲೂಪ್. ಆಮೇಲೆ ಬಾಲಕ್ಕೊಂದು ಹೋಲ್ ಸೇರಿ ಲೂಪ್‌ಹೋಲ್ ಆಯಿತು.

ಒಬ್ಬನೇ ನಕ್ಕುಬಿಟ್ಟೆ. ಹದಿನೆಂಟು ವರ್ಷದಿಂದ ನನಗೆ ಅನ್ನ ಹಾಕುತ್ತಿರೋದೇ ಆ ಪದ. ಟ್ಯಾಕ್ಸ್ ಕಾನೂನಿನಲ್ಲಿ ಲೂಪ್‌ಹೋಲ್ ಹುಡುಕಿಕೊಡೋನು ತಾನೇ ನಾನು? ಅದು ‘ಲೋಪ-ಹೋಲ್’, ನಮ್ಮ ಲೋಪದಿಂದಲೇ ಹುಟ್ಟಿದ್ದು ಅಂತ ಪಿಯುಸಿಯಲ್ಲಿ ನೀನು ಬೆಟ್ ಕಟ್ಟಿದ್ದೆ. ಸೋತಿದ್ದೀಯ, ಐದು ರೂಪಾಯಿ ತೆಗಿ. ಲೋಪವೂ ಅಲ್ಲ, ಹಗ್ಗದ ಕುಣಿಕೆಯೂ ಅಲ್ಲ. ಹಳೆಯ ಡಚ್ ಭಾಷೆಯಲ್ಲಿ ಇಣುಕಿ ನೋಡುವುದಕ್ಕೆ ಇದ್ದ ಮಾತಿನ ನೆಂಟ ಇರಬೇಕು ಅಂತಾರೆ ಪಂಡಿತರು. ನುಣುಚಿಕೊಳ್ಳುವ ದಾರಿ ಅನ್ನುವ ಅರ್ಥ ಅಂಟಿಕೊಂಡದ್ದು 17ನೇ ಶತಮಾನದಲ್ಲಿ. ಫ್ರೆಂಚರಿಗೆ ಮುಚ್ಚುಮರೆ ಇಲ್ಲ, ಅದೇ ಕಿಂಡಿಗೆ ‘ಮರ್ತ್ರಿಯೇರ್’ ಅಂತಾರೆ. ಕೊಲೆಗಾತಿ!

ಆದರೆ ಅದರಲ್ಲಿ ಬೆಕ್ಕು ಕೂಡ ನುಣುಚಿಕೊಳ್ಳಲಾರದು ಕಣೋ. ಹೊರಗಿನಿಂದ ಅಂಗೈ ಅಗಲವೂ ಇಲ್ಲ. ಒಳಗಡೆ ಮಾತ್ರ ಗೋಡೆಯನ್ನು ಎರಡೂ ಕಡೆ ಓರೆಯಾಗಿ ಕೊರೆದು ಒಬ್ಬ ಆರಾಮಾಗಿ ನಿಲ್ಲುವಷ್ಟು ಜಾಗ ಮಾಡಿದ್ದಾರೆ, ಬಿಲ್ಲುಗಾರ ಅತ್ತಿತ್ತ ಸರಿದು ಗುರಿಯಿಡಲಿ ಅಂತ. ನಾನೂ ನಿಂತೆ. ಭುಜಕ್ಕೆ ತಾಗಿದ ಕಲ್ಲು ತಣ್ಣಗಿತ್ತು. ಕೆಳಗೆ ಛತ್ರಿ ಹಿಡಿದು ಓಡಾಡುವವರು ಒಬ್ಬೊಬ್ಬರೇ ಸೀಳಿನೊಳಗೆ ಬಂದು ಹೋಗುತ್ತಿದ್ದರು. ನಾನು ಯಾರಿಗೂ ಕಾಣುತ್ತಿರಲಿಲ್ಲ. ಎಂಥಾ ಹಾಯಿ ಅಂತೀಯ, ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. ಈ ಹಾಯಿ ನನಗೆ ಮೊದಲೇ ಗೊತ್ತು ಅನ್ನಿಸಿದಾಗ ಹೊಟ್ಟೆ ತೊಳಸಿದ ಹಾಗಾಯ್ತು.

ನಿಮ್ಮಪ್ಪ ತೀರಿಕೊಂಡ ದಿನ ನೀನು ಎರಡು ಸಲ ಫೋನ್ ಮಾಡಿದೆ. ಸೈಲೆಂಟಿನಲ್ಲಿತ್ತು ಅಂದೆನಲ್ಲ, ಕೈಯಲ್ಲೇ ಇತ್ತು. ನಿನ್ನ ಹೆಸರು ಬೆಳಗಿ ಆರುವುದನ್ನು ನೋಡುತ್ತಾ ಕೂತಿದ್ದೆ. ಹನ್ನೊಂದನೇ ದಿನಕ್ಕೆ ಬರ್ತೀನಿ ಅಂದವನು ಆಮೇಲೆ ಆಡಿಟ್ ಅಂದೆ. ಯಾವ ಆಡಿಟ್ಟೂ ಇರಲಿಲ್ಲ. ನಾನು ಸೈಕಲ್ ಕಲಿಯುವಾಗ ಕ್ಯಾರಿಯರ್ ಹಿಡಿದು ಹಿಂದೆ ಓಡಿದವರು ನಿಮ್ಮಪ್ಪ, ನಮ್ಮಪ್ಪ ಅಲ್ಲ. ಅವರಿಲ್ಲದ ಆ ಜಗಲಿಗೆ ಕಾಲಿಡೋಕೆ ಭಯ ಆಯ್ತು. ನಿನ್ನ ಸ್ಟೇಟಸ್ ಮಾತ್ರ ಒಂದೂ ಬಿಟ್ಟಿಲ್ಲ. ಅವರ ಕನ್ನಡಕದ ಫೋಟೋ ಹಾಕಿದ್ದೆಯಲ್ಲ, ಅದನ್ನು ಎಷ್ಟು ಸಲ ನೋಡಿದೆನೋ.

ಇಷ್ಟೆಲ್ಲ ಬರೆಯೋ ಅಂದಾಜಿರಲಿಲ್ಲ. ಲೋಪಸಂಧಿ ನೀರು ಕುಡಿದ ಹಾಗೆ, ಆಗಮಸಂಧಿ ಬಂದರೆ ಸೊನ್ನೆ ಅಂತ ಕನ್ನಡ ಮೇಷ್ಟ್ರು ಆಗಲೇ ನನ್ನ ಜಾತಕ ಬರೆದಿದ್ದರು.

ಮುಂದಿನ ತಿಂಗಳು ಬರ್ತೀನಿ. ಚಿತ್ರದುರ್ಗದ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಬಂದ ಹಾಗೆ, ತಲೆ ಮೊದಲು. ಓಬವ್ವನ ಪಾತ್ರ ನಿನ್ನದು. ಹೊಡೆಯೋದಾದರೆ ಹೊಡಿ, ಆದರೆ ಚಿತ್ರಾನ್ನದ ಡಬ್ಬಿಯ ಕತೆಯನ್ನು ಮಾತ್ರ ನಿನ್ನ ಹೆಂಡತಿ ಎದುರು ಎತ್ತಬೇಡ.

ನಿನ್ನ,
ಲೋಪ